ಬೆಂಕಿ ಕಾಣದ ಹಾಲು

ದವಾಖಾನೆಯ ಬೆಂಚಿನ ಮೇಲೆ ಕೂತು ತನ್ನ ಹೆಸರು ಯಾವಾಗ ಕರೆಯುತ್ತಾರೋ ಎಂದು ಕಾಯುತ್ತಿರುವ ಹೆಂಗಸೊಬ್ಬಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳು ಯಾರೋ ನನಗೆ ಗೊತ್ತಿಲ್ಲ. ಆದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ, ಪರಿಚಯದವರು ಯಾರೂ ನೋಡದಿರಲಿ ಎಂದುಕೊಂಡು ಕೂತಿರುತ್ತಾಳೆ ಎಂಬುದು ಗೊತ್ತು. ನಾನೂ ಹಾಗೇ ಕೂತಿದ್ದೆ. ಈಗ ನನ್ನ ರೋಗ ವಾಸಿಯಾಗಿದೆ. ಧೈರ್ಯ ತುಂಬುವ ಮಾತು ಇಲ್ಲಿ ಬಹಳ ಸಿಗಲಿಕ್ಕಿಲ್ಲ. ಧೈರ್ಯ ಹೇಳಲು ಬಂದವರ ಮೇಲೆ ನನಗೆ ಆಗ ವಿಪರೀತ ಸಿಟ್ಟು ಬರುತ್ತಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಹುಮನಾಬಾದಿನಲ್ಲಿ ಬ್ಲೌಸು, ಮಕ್ಕಳ ಫ್ರಾಕು ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಂಡ ರಾಜಕುಮಾರ ಸಾಮಾನು ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ತವರು ಬಸವಕಲ್ಯಾಣದ ಹತ್ತಿರದ ಮೋರಖಂಡಿ. ತಲೆಮಾರುಗಳಿಂದ ದನ ಕಾಯುವ ಮನೆತನ. ಅಪ್ಪ ಹೋದ ಮೇಲೂ ಅವ್ವ ಆಕಳುಗಳನ್ನು ಬಿಟ್ಟವಳಲ್ಲ.

ಯಾರಾದರೂ ಮೆಟ್ಟಿಲು ಹತ್ತುವಾಗಲೇ ಅವರ ಎದೆ, ತೋಳು, ಸೊಂಟದ ಅಳತೆ ನನ್ನ ಕಣ್ಣಿಗೆ ಬಂದುಬಿಡುತ್ತದೆ. ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಅಂಥ ನಾನು, ನನ್ನದೇ ಬ್ಲೌಸು ಸಡಿಲಾದಾಗ ಬಟ್ಟೆ ಜಗ್ಗಿದೆ ಎಂದು ಬಟ್ಟೆಗೆ ಬೈದೆ. ಹೊಲಿಗೆ ಒಳಗೆ ತೆಗೆದುಕೊಂಡೆ. ಸ್ವಲ್ಪ ದಿನಕ್ಕೆ ಮತ್ತೆ ಸಡಿಲಾಯಿತು, ಮತ್ತೆ ತೆಗೆದುಕೊಂಡೆ. ಸಂಜೆಯಾದರೆ ಮೈ ಬಿಸಿ, ಬೆನ್ನಲ್ಲಿ ಬೆವರು, ಬಿಡದ ಕೆಮ್ಮು. ಒಂದು ಮಧ್ಯಾಹ್ನ ಮದುವೆ ಮನೆಯವರ ಬ್ಲೌಸಿಗೆ ಒಳಬದಿಯ ಅಸ್ತರು ಕೂಡಿಸುವಾಗ ಕೆಮ್ಮು ಬಂತು. ಬಿಳಿ ಅಸ್ತರಿನ ಮೇಲೆ ಸಾಸಿವೆಯಷ್ಟು ಕೆಂಪು ಬಿತ್ತು. ಕತ್ತರಿ ತೆಗೆದುಕೊಂಡು ಅಷ್ಟು ತುಂಡು ಕತ್ತರಿಸಿ ನೀರೊಲೆಗೆ ಹಾಕಿದೆ.

ದವಾಖಾನೆಯಲ್ಲಿ ಕಫ ತಗೊಂಡರು, ಯಾವುದೋ ಯಂತ್ರಕ್ಕೆ ಹಾಕಿದರು. ಟಿಬಿ ಅಂದರು. ರಾಜಕುಮಾರ ಹೊರಗೆ ಹೋಗಿ, ಮೊದಲೇ ಸ್ವಚ್ಛವಾಗಿದ್ದ ಟಂಟಂನ ಗಾಜನ್ನು ಒರೆಸುತ್ತ ನಿಂತ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದ.

"ಭಾಗಿ ನಿನ್ನ ಕೂಡನೇ ಮಲಗತಾಳಲ್ಲ, ಸುನೀ."

ಭಾಗಿ ನಮ್ಮ ಮಗಳು, ಭಾಗ್ಯಶ್ರೀ. ಇನ್ನೂ ಐದು ತುಂಬಿರಲಿಲ್ಲ. ನನ್ನ ಕಿವಿಯ ಹಾಲೆ ಹಿಡಿದುಕೊಂಡರೇನೇ ಅವಳಿಗೆ ನಿದ್ದೆ. ನನ್ನ ಉಸಿರು ಅವಳ ಹಣೆಗೆ ತಾಗುವಷ್ಟು ಹತ್ತಿರ. ಗಂಡ ಆ ಮಾತು ಆಡಿದ ಗಳಿಗೆಯಿಂದ ನನಗೆ ನನ್ನ ರೋಗ ಮರೆತೇಹೋಯಿತು ಅಂದರೆ ಸುಳ್ಳಲ್ಲ. ಅಂದಿನಿಂದ ನನಗಿದ್ದದ್ದು ಒಂದೇ ಭಯ. ಇದು ಅವಳಿಗೆ ಹೋಗಿದೆಯೋ, ಹೋಗುತ್ತದೆಯೋ.

ಭಾಗಿಯನ್ನು ಮೋರಖಂಡಿಗೆ ಕರೆದೊಯ್ಯಲೆಂದು ಮರುದಿನವೇ ಅವ್ವನನ್ನು ಕರೆಸಿದೆ. ಬಸ್ ನಿಲ್ದಾಣದಲ್ಲಿ ನಾನು ಮಾಸ್ಕು ಹಾಕಿಕೊಂಡು ದೂರದ ಕಂಬದ ಹತ್ತಿರ ನಿಂತೆ. ಭಾಗಿ ನನ್ನ ಕಡೆ ಓಡಿಬರಲು ನೋಡಿದಳು. ರಾಜಕುಮಾರ ಎತ್ತಿಕೊಂಡು ಬಸ್ಸಿನೊಳಗೆ ಕೂಡಿಸಿದ. ಕಿಟಕಿಯಿಂದ ಅವಳು ಕೈ ಬೀಸಲಿಲ್ಲ. ಮುಖ ಊದಿಸಿಕೊಂಡು ನನ್ನನ್ನೇ ನೋಡುತ್ತ ಹೋದಳು. ಬಸ್ಸು ಹೋದ ಮೇಲೆ ನನಗೆ ಅಳು ಬಂತು, ಜೊತೆಗೆ ಎದೆ ಹಗುರವೂ ಆಯಿತು. ಮಗುವನ್ನು ರೋಗದ ಬಾಯಿಂದ ಎತ್ತಿ ದೂರ ಇಟ್ಟೆ ಅಂದುಕೊಂಡೆ. ಆರೋಗ್ಯ ಇಲಾಖೆಯ ಹುಡುಗಿ ಬಂದು, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ತಪಾಸಣೆ ಮಾಡಿಸಬೇಕು ಅಂದಾಗ, "ಮಕ್ಕಳು ಇಲ್ಲಿ ಯಾರೂ ಇಲ್ರಿ, ಅಜ್ಜಿ ಊರಾಗ ಅದ ಪೋರಿ" ಅಂದುಬಿಟ್ಟೆವು. ಊರಲ್ಲಿ ಸುದ್ದಿಯಾಗದಿರಲಿ ಎಂಬುದೂ ಅದರಲ್ಲಿತ್ತು. ಬಹಳ ಶಾಣ್ಯಾರು ನಾವು ಅಂದುಕೊಂಡಿದ್ದೆವು.

ಆ ವಾರದಿಂದಲೇ ಮೋರಖಂಡಿಯ ಡಬ್ಬಿ ಬರತೊಡಗಿತು. ನಮ್ಮ ಕಡೆ ಬಸ್ಸಿನಲ್ಲಿ ಏನು ಬೇಕಾದರೂ ಕಳಿಸಬಹುದು. ಕಂಡಕ್ಟರಿಗೆ ಹೇಳಿ ಡ್ರೈವರನ ಸೀಟಿನ ಹಿಂದೆ ಇಟ್ಟರಾಯಿತು. ಅವ್ವ ಬೆಳಗಿನ ಹಾಲು ಕರೆದು ಸ್ಟೀಲಿನ ಡಬ್ಬಿಗೆ ಸೋಸಿ, ಒದ್ದೆ ಬಟ್ಟೆ ಸುತ್ತಿ ಕಳಿಸುತ್ತಿದ್ದಳು. ಅದು ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ, ಹುಳಿ ತಿರುಗುವ ಮೊದಲೇ ಹುಮನಾಬಾದಿಗೆ ಮುಟ್ಟುತ್ತಿತ್ತು. ಚಂದ್ರಿಯ ಹಾಲು. ಚಂದ್ರಿ ಅಂದರೆ ನಮ್ಮ ದೇವಣಿ ಆಕಳು, ಬಿಳಿ ಮೈ, ಕಪ್ಪು ಮೋರೆ. ಅದರ ತಾಯಿಯ ಹಾಲು ಕುಡಿದು ನಾನು ಬೆಳೆದವಳು; ಜಡ್ಡು ಬೀಳುವ ಮೊದಲೂ ತವರಿಗೆ ಹೋದಾಗಲೆಲ್ಲ ಚಂದ್ರಿಯ ನೊರೆಹಾಲು ಕುಡಿದೇ ಬರುತ್ತಿದ್ದೆ.

"ಕಾಸಬ್ಯಾಡ ಮತ್ತ," ಎಂದು ಅವ್ವ ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದಳು. "ಜಡ್ಡಿನವರಿಗೆ ಬೆಂಕಿ ಕಾಣದ ಹಾಲೇ ಆಗಬೇಕು. ಕಾಸಿದ್ರ ಅದರ ಕಸುವೆಲ್ಲಾ ಹೊಗ್ಯಾಗಿ ಹೋಗತದ."

ಇದು ಅವಳೊಬ್ಬಳ ಹಟವಲ್ಲ, ನಮ್ಮ ಮನೆತನದ ರೂಢಿ. ಬಾಣಂತಿಗೆ, ಜ್ವರ ಬಿಟ್ಟವರಿಗೆ, ಸೊರಗಿದ ಮಕ್ಕಳಿಗೆ ಕೆಚ್ಚಲಿನಿಂದ ಬಂದ ಬೆಚ್ಚನೆಯ ಹಾಲನ್ನೇ ಕೊಡುತ್ತಾರೆ. ಚಹಾಕ್ಕೆ ಕಾಸುವಾಗಲೂ ಅವ್ವ ಒಲೆಯ ಮುಂದಿಂದ ಏಳುವವಳಲ್ಲ. ಹಾಲು ಉಕ್ಕಿ ಬೆಂಕಿಗೆ ಬಿದ್ದರೆ ಅಲ್ಲಿ ಕೊಟ್ಟಿಗೆಯಲ್ಲಿ ಆಕಳಿನ ಕೆಚ್ಚಲು ಸುಡುತ್ತದೆ ಎಂಬ ನಂಬಿಕೆ. ಚಿಕ್ಕವಳಿದ್ದಾಗ ನಾನೊಮ್ಮೆ ಹಾಲು ಉಕ್ಕಿಸಿ ಅವಳ ಕೈಲಿ ಏಟು ತಿಂದಿದ್ದೇನೆ. ಹೊಡೆದವಳೇ ಆಮೇಲೆ ಹೋಗಿ ಆಕಳಿನ ಮೊಲೆಗೆ ಬೆಣ್ಣೆ ಸವರಿ ಬಂದಿದ್ದಳು.

ಹಾಗಾಗಿ ನಾನೂ ಕಾಸದೆ ಕುಡಿದೆ. ಹಾಲಿನ ಮೇಲೆ ನನಗೇನು ದೊಡ್ಡ ಆಸೆ ಇರಲಿಲ್ಲ. ಗುಳಿಗೆ ನುಂಗಿ ವಾಕರಿಕೆ ಬರುವ ಹೊತ್ತಿಗೆ ಅದು ಗಂಟಲಲ್ಲಿ ಇಳಿಯುತ್ತಲೂ ಇರಲಿಲ್ಲ. ಆದರೆ ಇದೇ ಹಾಲನ್ನು ಭಾಗಿಯೂ ಈ ಬೆಳಿಗ್ಗೆ ಕುಡಿದಿರುತ್ತಾಳೆ ಎಂದು ನೆನೆದರೆ ಲೋಟ ಖಾಲಿಯಾಗುತ್ತಿತ್ತು. ಅವಳ ಜೊತೆ ಒಂದೇ ಪಂಕ್ತಿಯಲ್ಲಿ ಕೂತಂತೆ ಅನಿಸುತ್ತಿತ್ತು.

ಮೊದಲ ಎರಡು ತಿಂಗಳ ಗುಳಿಗೆ ಮುಗಿದವು. ಮೂತ್ರ ಕಿತ್ತಳೆ ಬಣ್ಣ, ಬಾಯಿ ಕಹಿ, ಮೊಣಕಾಲು ನೋವು, ಎಲ್ಲ ಆಯಿತು; ಕೆಮ್ಮು ಮಾತ್ರ ಹೋಗಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಒಬ್ಬಾಕೆ ಮಾತ್ರ ಬಟ್ಟೆಯನ್ನು ಬಾಗಿಲ ಹೊರಗಿನ ಮೊಳೆಗೆ ತೂಗುಹಾಕಿ, ರಸ್ತೆಯಲ್ಲೇ ನಿಂತು, "ಅವಸರ ಇಲ್ಲ ಸುನಿತಾ, ಸಾವಕಾಶ ಹೊಲಿ" ಎಂದು ಕೂಗಿ ಹೋಗುತ್ತಿದ್ದಳು. ಅವಳು ಅಂಜುತ್ತಿದ್ದಳು, ಆದರೂ ಬರುತ್ತಿದ್ದಳು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಮತ್ತೆ ಕಫ ನೋಡಿದರು. ರೋಗಾಣು ಇನ್ನೂ ಹಾಗೇ ಇದ್ದವು. ಡಾಕ್ಟರಮ್ಮ ನಮ್ಮ ಭಾಗದವರೇ, ಮಾತು ಕಡಿಮೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಗುಳಿಗಿ ನಡುವ ಬಿಟ್ಟಿದ್ದೇನವ್ವ?"

"ಒಂದು ದಿನಾನೂ ಬಿಟ್ಟಿಲ್ರಿ."

"ಎಲ್ಲಾರೂ ಹಂಗೇ ಅಂತಾರ."

ನನ್ನ ಮೈಯೆಲ್ಲ ಉರಿಯಿತು. "ಎಲ್ಲಾರ ಸುದ್ದಿ ನನಗ ಗೊತ್ತಿಲ್ರಿ. ಮಗಳನ್ನ ಬಿಟ್ಟು ಕೂತೀನಿ ನಾನು. ಗುಳಿಗಿ ಬಿಡತೀನಾ?" ಅಂದೆ. ಧ್ವನಿ ಜೋರಾಯಿತು, ಜೋರಾದದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಅವರು ಕಾದರು.

"ಹಂಗಾದ್ರ ಔಷಧಕ್ಕೇ ತಪಾಸಣಿ ಮಾಡಬೇಕು," ಅಂದರು. "ನಿನ್ನ ಕಫಾ ದೊಡ್ಡ ಲ್ಯಾಬಿಗೆ ಕಳಸ್ತೀವಿ. ಅಲ್ಲಿ ನಿನ್ನ ರೋಗದ ಹುಳಾ ಬೆಳಸ್ತಾರ. ಬೆಳೆದ ಮ್ಯಾಲ ಒಂದೊಂದು ನಳಿಗ್ಯಾಗ ಒಂದೊಂದು ಔಷಧ ಹಾಕಿ ನೋಡ್ತಾರ, ಯಾವುದರಾಗ ಸಾಯ್ತದ, ಯಾವುದರಾಗ ಬದುಕತದ ಅಂತ."

"ಎಷ್ಟು ದಿನಾ ಹಿಡೀತದ್ರಿ?"

"ಈ ಹುಳಾ ಭಾಳ ಸಾವಕಾಶ ಬೆಳೀತದ. ತಿಂಗಳ ಮ್ಯಾಲೇ ಆಗ್ತದ."

"ಎಲ್ಲಾ ನಳಿಗ್ಯಾಗೂ ಬದುಕಿದ್ರ?"

"ಬ್ಯಾರೆ ಔಷಧ ಅವ," ಅಂದರು. ಹೇಳುವ ಮೊದಲು ಸ್ವಲ್ಪ ತಡೆದರು. ಆ ತಡೆದದ್ದನ್ನೇ ನಾನು ಮನೆಗೆ ಹೊತ್ತುಕೊಂಡು ಬಂದೆ.

ಈ ಕಾಯುವಿಕೆಯ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನನ್ನ ಎದೆಯಿಂದ ಹೊರಬಂದದ್ದು ಎಲ್ಲೋ ದೂರದ ಊರಲ್ಲಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ, ಗಾಜಿನ ನಳಿಗೆಯೊಳಗೆ ಕೂತಿದೆ. ಅದಕ್ಕೆ ಊಟ ಹಾಕಿ ಸಾಕುತ್ತಿದ್ದಾರೆ. ಇಲ್ಲಿ ನಾನು ರೊಟ್ಟಿ ಮುರಿದರೂ ತುತ್ತು ಇಳಿಯುತ್ತಿಲ್ಲ, ಅಲ್ಲಿ ಅದು ಮೈ ತುಂಬಿಕೊಳ್ಳುತ್ತಿದೆ. ಮಷಿನ್ ತುಳಿಯುತ್ತ ಇದೇ ಯೋಚನೆ. ಅದು ಯಾವ ಔಷಧಕ್ಕೂ ಸಾಯದಿದ್ದರೆ? ಸಾಯದಂಥದ್ದು ಭಾಗಿಯ ಎದೆಯೊಳಗೆ ಆಗಲೇ ಹೋಗಿ ಕೂತಿದ್ದರೆ? ನನಗಾದರೆ ಕೆಮ್ಮುವಷ್ಟು ಶಕ್ತಿ ಇದೆ, ಅವಳಿಗೆ ಏನಿದೆ?

ಗುಳಿಗೆ ತರಲು ಹೋದಾಗಲೆಲ್ಲ ಬೆಂಚಿನ ಮೇಲೆ ಗೋರ್ಟಾದ ಮಾಣಿಕಪ್ಪಜ್ಜ ಸಿಗುತ್ತಿದ್ದರು. ಕೂಲಿ ಮಾಡಿ ಸವೆದ ಮನುಷ್ಯ. ಹುಮನಾಬಾದಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಔಷಧ ತಗೊಳ್ಳುತ್ತಿದ್ದರು. ಹಿಂದೊಮ್ಮೆ ಟಿಬಿ ಆಗಿ, ಆರಾಮಾಯಿತೆಂದು ಗುಳಿಗೆ ಅರ್ಧಕ್ಕೇ ಬಿಟ್ಟವರು. ಈಗ ಮರಳಿ ಬಂದಿತ್ತು. ಅವರ ಕಫವೂ ಅದೇ ಲ್ಯಾಬಿಗೆ ಹೋಗಿತ್ತು. ಗಾಳಿ ಬರುತ್ತದೆಂದು ಕಿಟಕಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಡುತ್ತಿದ್ದರು.

"ನನ್ನ ಹುಳಾ ಎಲ್ಲಾ ಔಷಧದ ರುಚಿ ನೋಡ್ಯಾವವ್ವ," ಎನ್ನುತ್ತಿದ್ದರು. "ಈಗ ಅವಕ್ಕ ಗುಳಿಗಿ ಅಂದ್ರ ಊಟದ ಕೂಡ ಉಪ್ಪಿನಕಾಯಿ ಇದ್ದಂಗ."

ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಆಮೇಲೆ ಇಬ್ಬರೂ ಕೆಮ್ಮುತ್ತಿದ್ದೆವು. ಒಂದು ದಿನ ಅವರ ಫಲಿತಾಂಶ ಬಂತು. ಒಳಗಿಂದ ಹೊರಗೆ ಬಂದವರು ನನ್ನ ಪಕ್ಕ ಕೂರಲಿಲ್ಲ. "ಉಪ್ಪಿನಕಾಯಿ ಅಂದಿದ್ದೆನಲ್ಲ, ಖರೇನೇ ಆಯ್ತು ನೋಡು" ಎಂದು ಹೇಳಿ ಟವೆಲು ಹೆಗಲಿಗೆ ಹಾಕಿಕೊಂಡು ನಡೆದರು. ಮುಂದಿನ ವಾರ ಬೆಂಚಿನ ಮೇಲೆ ಅವರಿರಲಿಲ್ಲ. ನರ್ಸಿಗೆ ಕೇಳಿದೆ. ಬೀದರಿಗೆ ಕಳಿಸಿದ್ದಾರೆ ಅಂದಳು. ಅದಕ್ಕಿಂತ ಮುಂದೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ಆ ದಿನಗಳಲ್ಲಿ ಅವ್ವನಿಗೆ ದಿನಾ ಫೋನು ಮಾಡುತ್ತಿದ್ದೆ. ಭಾಗಿ ಕೆಮ್ಮುತ್ತಾಳಾ, ಸಂಜೆ ಮೈ ಬಿಸಿಯಾಗುತ್ತದಾ, ಇದೇ ಪ್ರಶ್ನೆ. ಅವ್ವನಿಗೆ ಬೇಸರ ಬಂದುಹೋಗಿತ್ತು. ಒಮ್ಮೆ ಮಾತಿನ ನಡುವೆ ಫೋನಿನಲ್ಲಿ ಒಣ ಕೆಮ್ಮು ಕೇಳಿಸಿತು. ಒಂದಾದ ಮೇಲೆ ಒಂದು, ಬಿಡದೆ.

"ಅವ್ವಾ, ಯಾರದು ಕೆಮ್ಮಾಕತ್ತಾರ? ಭಾಗೀನಾ?"

"ಎಲ್ಲೀ ಭಾಗಿ! ಅಕಿ ಕುಂಟೆಬಿಲ್ಲೆ ಆಡಾಕ ಹೋಗ್ಯಾಳ. ಚಂದ್ರಿ ಕೆಮ್ಮಾಕತ್ತದ. ಜರಾ ಸೊರಗ್ಯಾದ ಈಚೀಚೆಗೆ, ಹೊಸ ಹೊಟ್ಟು ಆಗಿ ಬಂದಿಲ್ಲ ಕಾಣ್ತದ."

ನಾನು ನಕ್ಕುಬಿಟ್ಟೆ. ಆಕಳು ಕೆಮ್ಮಿದ್ದಕ್ಕೆ ಇಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಭಾಗಿಯಲ್ಲ, ಆಕಳು. ಆ ದಿನ ಹೊಟ್ಟೆ ತುಂಬ ಉಂಡೆ.

ಇನ್ನೊಂದು ಫ್ರಾಕಿನ ಸಂಗತಿ. ಖಾಲಿ ಡಬ್ಬಿ ಮೋರಖಂಡಿಗೆ ಮರಳುವಾಗ ಅದರೊಳಗೆ ಭಾಗಿಗೆ ಏನಾದರೂ ಇಟ್ಟು ಕಳಿಸುತ್ತಿದ್ದೆ. ಒಮ್ಮೆ ಹಳದಿ ಬಣ್ಣದ ಫ್ರಾಕು ಹೊಲಿದು, ಮೇಲಿನ ಗುಂಡಿಯವರೆಗೆ ಮುಚ್ಚುವ ಪಟ್ಟಿ ಕೊರಳು ಇಟ್ಟು ಕಳಿಸಿದೆ. ಅವಳ ಅಳತೆ ನನಗೆ ಬಾಯಿಪಾಠ. ಬೆಳವಣಿಗೆಗೆಂದು ಸ್ವಲ್ಪ ಹೆಚ್ಚೇ ಬಿಟ್ಟಿದ್ದೆ. ಅವ್ವ ಫೋನು ಮಾಡಿದಳು.

"ಕೊರಳು ಬಿಗಿ ಆಗ್ಯಾದ ನೋಡು. ಮ್ಯಾಲಿನ ಗುಂಡಿ ಹಾಕ್ಲಾಕ ಬರವಲ್ದು. ಪೋರಿ ಮೈ ಹಿಡದಾಳ, ಎಲ್ಲಾ ಚಂದ್ರೀದು ಪುಣ್ಯಾ."

ಭುಜ ಹ್ಯಾಗಿದೆ ಎಂದು ಕೇಳಬೇಕಿತ್ತು. ಮೈ ಹಿಡಿದ ಮಗುವಿಗೆ ಮೊದಲು ಭುಜ ಬಿಗಿಯಾಗುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ಕೊರಳು ಕಡೆಗೆ. ಇದು ಹೊಲಿಗೆ ಕಲಿತ ಮೊದಲ ತಿಂಗಳಲ್ಲೇ ಗೊತ್ತಾಗುವ ಮಾತು. ನಾನು ಕೇಳಲಿಲ್ಲ. ಮಗಳು ದುಂಡಗಾಗಿದ್ದಾಳೆ ಎಂಬ ಖುಷಿಯಲ್ಲಿ ಇನ್ನೊಂದು ಫ್ರಾಕಿಗೆ ಕೊರಳು ದೊಡ್ಡದು ಮಾಡಿ ಕತ್ತರಿಸಿದೆ.

ಹೇಳಿದ ಸಮಯಕ್ಕೆ ನನ್ನ ಫಲಿತಾಂಶ ಬರಲಿಲ್ಲ. ಮತ್ತೆ ಬಾ, ಮತ್ತೆ ಬಾ ಅಂದರು. ಕೊನೆಗೆ ಕರೆ ಬಂದ ದಿನ ಆ ಹೊಸ ಫ್ರಾಕನ್ನು ತೊಳೆದ ಡಬ್ಬಿಯಲ್ಲಿಟ್ಟು ಚೀಲದಲ್ಲಿ ಹಾಕಿಕೊಂಡು ಹೋದೆ, ಬರುವಾಗ ಬಸ್ಸಿಗೆ ಕೊಟ್ಟರಾಯಿತು ಎಂದು. ರಾಜಕುಮಾರ ಬಾಡಿಗೆಗೆ ಹೋಗಿದ್ದ. ಡಾಕ್ಟರಮ್ಮ ಬಾಗಿಲು ಮುಚ್ಚಿ ಕೂರಿಸಿದರು.

"ನಾಲ್ಕು ಔಷಧದಾಗ ಮೂರಕ್ಕ ಸಾಯ್ತದವ್ವ ನಿನ್ನ ಹುಳಾ."

ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಆದರೆ ಅವರು ನಗಲಿಲ್ಲ.

"ಒಂದಕ್ಕ ಮಾತ್ರ ಅಂಜವಲ್ದು. ಪೈರಜಿನಮೈಡ್ ಅಂತ ಅದರ ಹೆಸರು. ಲ್ಯಾಬಿನವರಿಗೇ ನಂಬಿಕಿ ಬರಲಿಲ್ಲ, ಮತ್ತೊಮ್ಮೆ ಮಾಡ್ಯಾರ, ಅದಕ್ಕೇ ತಡಾ ಆಯ್ತು. ಮತ್ತೂ ಅದೇ ಬಂದಾದ." ಪೆನ್ನನ್ನು ಮೇಜಿನ ಮೇಲೆ ಇಟ್ಟರು. "ಉಳಿದ ಮೂರಕ್ಕ ಸಾಯ್ತದ, ಅದೊಂದಕ್ಕ ಸಾಯಂಗಿಲ್ಲ. ಈ ಗುಣಾ ದನದ ಟಿಬಿಗೆ ಹುಟ್ಟಿನಿಂದ ಇರ್ತದ. ಖಾತ್ರಿ ಮಾಡಾಕ ಇನ್ನೂ ಒಂದು ತಪಾಸಣಿ ಆಗಬೇಕು. ಮನ್ಯಾಗ ದನಾ ಅವ ಏನು?"

"ನಮ್ಮ ಮನ್ಯಾಗ ಇಲ್ರಿ. ತವರಮನ್ಯಾಗ ಅವ."

"ಹಾಲು ಕಾಸಿ ಕುಡೀತೀರಿಲ್ಲ?"

ಚೀಲದೊಳಗಿನ ಡಬ್ಬಿ ನನ್ನ ಕಾಲಿಗೆ ತಾಗಿಕೊಂಡಿತ್ತು. ಆ ಡಬ್ಬಿ, ಆ ಕೆಮ್ಮು, ಸೊರಗಿದ ಚಂದ್ರಿ, ಕೂಡದ ಗುಂಡಿ, ಎಲ್ಲ ಒಟ್ಟಿಗೇ ಬಂದವು. ನನ್ನ ಮಗಳನ್ನು ನನ್ನಿಂದ ಕಾಪಾಡಲು ನಾನು ಕಳಿಸಿದ್ದು ಎಲ್ಲಿಗೆ ಎಂಬುದು ಆಗ ತಿಳಿಯಿತು.

ಅಲ್ಲೇ ಅಂಗಳದಲ್ಲಿ ನಿಂತು ಅವ್ವನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಕೊಟ್ಟಿಗೆಗೆ ಹೋಗುವಾಗ ಅವಳು ಫೋನನ್ನು ದೇವರ ಗೂಡಿನಲ್ಲಿ ಇಟ್ಟುಹೋಗುತ್ತಾಳೆ. ಮತ್ತೆ ಹಚ್ಚಿದೆ, ಮತ್ತೆ ಇಲ್ಲ. ಬಂದ ಬಸ್ಸು ಹತ್ತಿದೆ. ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಆ ಬಸ್ಸು ತೆವಳಿದ್ದು ನೆನೆದರೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಬಸವಕಲ್ಯಾಣದಲ್ಲಿ ಮೋರಖಂಡಿಯ ಬಸ್ಸು ಆಗಲೇ ಹೋಗಿತ್ತು. ಆಟೋದವನಿಗೆ ಕೇಳಿದಷ್ಟು ಕೊಡುತ್ತೇನೆಂದು ಹತ್ತಿದೆ. ಬಿಸಿಲು ಇಳಿಯುತ್ತಿತ್ತು, ದನ ಮನೆಗೆ ಬರುವ ಹೊತ್ತು. ಅವ್ವ ಸಂಜೆಯ ಹಾಲು ಕರೆಯಲು ಕೂರುವುದು ಇದೇ ಹೊತ್ತಿಗೆ ಎಂಬುದು ನನಗೆ ಗೊತ್ತಿತ್ತು.

ಕೊಟ್ಟಿಗೆಯಲ್ಲಿ ಅವ್ವ ಚಂದ್ರಿಯ ಪಕ್ಕೆಗೆ ಹಣೆ ಹಚ್ಚಿ ಹಾಲು ಕರೆಯುತ್ತ ಕೂತಿದ್ದಳು. ಪಕ್ಕದಲ್ಲಿ ಹಳದಿ ಫ್ರಾಕಿನ ಭಾಗಿ, ಮೇಲಿನ ಗುಂಡಿ ಬಿಚ್ಚಿಕೊಂಡು, ಹಿತ್ತಾಳೆ ಲೋಟ ಹಿಡಿದು ನಿಂತಿದ್ದಳು. ಮೇಲ್ದುಟಿಯ ಮೇಲೆ ನೊರೆಯ ಮೀಸೆ. ನನ್ನನ್ನು ಕಂಡು ಅವಳ ಕಣ್ಣು ಅರಳಿದವು. ಲೋಟವನ್ನು ಮತ್ತೆ ಬಾಯಿಗೆ ಎತ್ತಿದಳು, ಬೇಗ ಮುಗಿಸಿ ನನ್ನ ಕಡೆ ಬರಲು.

ಓಡಿಹೋಗಿ ಲೋಟಕ್ಕೆ ಹೊಡೆದೆ. ಅದು ಗೋಡೆಗೆ ಬಡಿದು ಬಿತ್ತು. ಹಾಲು ಅವಳ ಫ್ರಾಕಿನ ಮೇಲೆ, ಸಗಣಿ ನೆಲದ ಮೇಲೆ ಚೆಲ್ಲಿತು. ಚಂದ್ರಿ ಬೆದರಿ ಒದರಿತು.

"ಹುಚ್ಚು ಹಿಡದದೇನ ನಿನಗ!" ಅವ್ವ ಎದ್ದು ನಿಂತಳು. "ಹಾಲು ನೆಲಕ್ಕ ಚೆಲ್ಲಿದ್ಯಲ್ಲೇ!"

ಭಾಗಿ ಅಳಲಿಲ್ಲ. ಮಾಸ್ಕು ಹಾಕಿಕೊಂಡಿದ್ದ ನನ್ನ ಮುಖವನ್ನು ನೋಡುತ್ತ ಒಂದು ಹೆಜ್ಜೆ ಹಿಂದೆ ಸರಿದಳು. "ಅಮ್ಮಾ, ನಾ ಏನ್ ಮಾಡೀನಿ?" ಅಂದಳು. ತಿಂಗಳುಗಟ್ಟಲೆ ಬಿಟ್ಟಿದ್ದ ಮಗುವಿಗೆ ನಾನು ಮೊದಲು ಕೊಟ್ಟದ್ದು ಆ ಹೊಡೆತ.

ಎತ್ತಿಕೊಂಡೆ. ದೂರ ಇರಬೇಕೆಂಬುದೆಲ್ಲ ಮರೆತುಹೋಯಿತು. ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡಾಗ ನನ್ನ ಬೆರಳು ತಾವಾಗಿಯೇ ಅವಳ ಕೊರಳ ಸುತ್ತ ಹೋದವು, ಪಟ್ಟಿಯ ಅಳತೆ ನೋಡುವ ಹಾಗೆ. ಎಡ ದವಡೆಯ ಕೆಳಗೆ ನಿಂತವು. ಬೋರೆಹಣ್ಣಿನಷ್ಟು ಗಂಟು. ಒತ್ತಿದರೆ ಅವಳು ನೋವೆನ್ನಲಿಲ್ಲ. ಅದರ ಕೆಳಗೆ ಇನ್ನೊಂದು ಸಣ್ಣದು. ನನ್ನ ಅಳತೆ ತಪ್ಪಿರಲಿಲ್ಲ.

"ಅದೇನವ್ವ, ಹಾಲಿನ ಮೈ ಅದು," ಅಂದಳು ಅವ್ವ. ಆದರೆ ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು. ನಾನು ಡಾಕ್ಟರಮ್ಮನ ಮಾತು ಹೇಳಿದೆ. ಅವಳು ತಿರುಗಿ ಚಂದ್ರಿಯನ್ನು ನೋಡಿದಳು. ಚಂದ್ರಿ ಕೆಮ್ಮುತ್ತಿತ್ತು.

ಮರುದಿನ ಬಸವಕಲ್ಯಾಣದ ದವಾಖಾನೆಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತೆವು. ಗಂಟಿಗೆ ಸೂಜಿ ಹಾಕಿ ನೀರು ತೆಗೆದರು. ಭಾಗಿ ನನ್ನ ಕಿವಿಯ ಹಾಲೆ ಹಿಡಿದುಕೊಂಡು ಕಿರುಚಿದಳು. ಆ ಹಿಡಿತದ ಉಗುರು ನನ್ನ ಕಿವಿಯಲ್ಲಿ ಊರಿತ್ತು. ಅವಳಿಗೂ ಟಿಬಿ. ಹೊರಗೆ ಬಂದ ಮಕ್ಕಳ ಡಾಕ್ಟರಿಗೆ ಅವ್ವ ಅಡ್ಡ ನಿಂತಳು.

"ಸಾಹೇಬ್ರ, ಖರೆ ಹೇಳ್ರಿ. ಈ ಕೂಸಿಗೆ ನಾ ಕೊಟ್ಟೀನೇನು?"

"ಯಾರು ಕೊಟ್ಟಾರ ಅಂತ ಇದರಾಗ ತಿಳಿಯಂಗಿಲ್ಲ ಆಯಿ. ತಾಯಿಂದ ಬಂದಿರಬಹುದು, ಹಾಲಿಂದ ಬಂದಿರಬಹುದು."

ಅವ್ವನಿಗೆ ಅದು ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಇಬ್ಬರಲ್ಲಿ ಯಾರು ಎಂಬುದು ಇನ್ನೆಂದಿಗೂ ಗೊತ್ತಾಗುವುದಿಲ್ಲ. ಒಂದೇ ಒಂದು ಕರುಣೆ ಆ ದಿನ ನಮಗೆ ಸಿಕ್ಕಿತು. ನನ್ನ ಕಫದ ತಪಾಸಣೆ ಮುಗಿದು ಅದರ ಚೀಟಿ ನನ್ನ ಕೈಯಲ್ಲಿದ್ದುದರಿಂದ, ಅವಳಿಗೆ ಯಾವ ಮೂರು ಔಷಧ ಹಿಡಿಯುತ್ತವೆ, ಯಾವುದನ್ನು ನಂಬಬಾರದು ಎಂಬುದು ಡಾಕ್ಟರಿಗೆ ಮೊದಲೇ ಗೊತ್ತಿತ್ತು. ನನ್ನ ಹಾಗೆ ಅವಳು ತಿಂಗಳುಗಟ್ಟಲೆ ಕಣ್ಣು ಕಟ್ಟಿಕೊಂಡು ಗುಳಿಗೆ ನುಂಗಬೇಕಾಗಲಿಲ್ಲ. ಅವಳ ಗಂಟಿನ ನೀರೂ ಅದೇ ಲ್ಯಾಬಿಗೆ ಹೋಯಿತು, ಮತ್ತೆ ಆ ನಳಿಗೆಗಳು, ಮತ್ತೆ ಆ ಕಾಯುವಿಕೆ. ಈ ಸಲ ನಾನು ಮಷಿನ್ ತುಳಿಯಲಿಲ್ಲ. ಅವಳ ಪಕ್ಕ ಕೂತು ಕೊರಳು ಮುಟ್ಟಿ ನೋಡುತ್ತಿದ್ದೆ, ಎಷ್ಟು ಸಲ ಮುಟ್ಟುತ್ತಿದ್ದೆನೆಂದರೆ ಅವಳು ನನ್ನ ಕೈ ತಳ್ಳುತ್ತಿದ್ದಳು. ಮೂರೂ ಔಷಧಕ್ಕೆ ಸಾಯುತ್ತದೆ, ಅದೊಂದಕ್ಕೆ ಸಾಯುವುದಿಲ್ಲ ಎಂದೇ ಬಂತು. ಖಾತ್ರಿಯ ತಪಾಸಣೆಯೂ ದನದ್ದೇ ಅಂದಿತು.

ಪಶು ಡಾಕ್ಟರು ಬಂದು ಚಂದ್ರಿಯ ಕೊರಳಿನ ಚರ್ಮಕ್ಕೆ ಸೂಜಿ ಹಾಕಿ, ಅಲ್ಲಿ ಊದಿದರೆ ಟಿಬಿ ಎಂದು ಹೇಳಿ ಹೋದರು. ಮರಳಿ ಬಂದು ನೋಡಿದಾಗ ಅಲ್ಲಿ ಊದಿತ್ತು. ಮುಟ್ಟಿ ತಲೆ ಅಲ್ಲಾಡಿಸಿದರು. ಅವ್ವ ಅದನ್ನು ಬೇರೆ ದನಗಳಿಂದ ಬಿಡಿಸಿ ಹೊಲದ ಕೊನೆಯ ಬೇವಿನ ಮರಕ್ಕೆ ಕಟ್ಟಿದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಚ್ಚಲು ಕಟ್ಟಿ ನೋಯಬಾರದೆಂದು ಹಾಲು ಕರೆಯುವುದು, ಆ ಹಾಲಿಗೆ ಬ್ಲೀಚಿಂಗ್ ಪುಡಿ ಹಾಕಿ ಗುಂಡಿಗೆ ಸುರಿಯುವುದು. ಹಾಲು ಒಯ್ಯುತ್ತಿದ್ದ ಅಕ್ಕಪಕ್ಕದ ಮನೆಗಳಿಗೆ ತಾನೇ ಹೋಗಿ ಹೇಳಿದಳು. ಕೆಲವರು ಬೈದರು, ಒಬ್ಬರು ಬಾಗಿಲು ಹಾಕಿಕೊಂಡರು. ಅವ್ವನ ಎದೆಯ ಫೋಟೋ ತೆಗೆಸಿದೆವು, ಏನೂ ಇರಲಿಲ್ಲ. ಏನೂ ಇಲ್ಲ ಎಂದು ಕೇಳಿ ಅವಳು ಅತ್ತಳು. ಮಳೆಗಾಲ ಮುಗಿಯುವ ಮೊದಲೇ ಚಂದ್ರಿ ಸತ್ತಿತು. ಅದನ್ನು ಅವ್ವ ನನಗೆ ಬಹಳ ದಿನ ಹೇಳಲಿಲ್ಲ.

ನನ್ನ ಔಷಧ ಮುಗಿಯಿತು, ತೂಕ ಬಂತು. ಒಳಗೆ ತೆಗೆದುಕೊಂಡಿದ್ದ ಹೊಲಿಗೆಗಳನ್ನೆಲ್ಲ ಬಿಚ್ಚಿದೆ. ಭಾಗಿಯದು ಇನ್ನೂ ಸ್ವಲ್ಪ ಇದೆ. ಸಣ್ಣ ಗಂಟು ಕರಗಿಹೋಗಿದೆ, ದೊಡ್ಡದು ದಾರದ ಗಂಟಿನಷ್ಟಾಗಿದೆ. ಡಾಕ್ಟರು ಅದು ಹಾಗೇ ಉಳಿಯಬಹುದು ಅನ್ನುತ್ತಾರೆ, ಮತ್ತೆ ದೊಡ್ಡದಾದರೆ ಕೂಡಲೇ ಬರಬೇಕು ಎಂದೂ ಅನ್ನುತ್ತಾರೆ. ಆ ಎರಡನೆಯ ಮಾತು ನನ್ನ ತಲೆಯಿಂದ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಅವಳ ಕೊರಳಿಗೆ ಟೇಪು ಸುತ್ತುತ್ತೇನೆ. ಭಾಗಿ ಮಾತ್ರ ಆ ಸಂಜೆಯಿಂದ ಹಾಲು ಕುಡಿಯುವುದನ್ನೇ ಬಿಟ್ಟಿದ್ದಳು. ಲೋಟ ಮುಂದೆ ಇಟ್ಟರೆ ಮೊದಲು ನನ್ನ ಕೈ ಎಲ್ಲಿದೆ ಎಂದು ನೋಡುತ್ತಿದ್ದಳು.

ಮೊನ್ನೆ ಅವ್ವ ಹುಮನಾಬಾದಿಗೆ ಬಂದಿದ್ದಳು. ಗ್ಯಾಸಿನ ಮೇಲೆ ಪಾಕೀಟಿನ ಹಾಲು ಇಟ್ಟು ನಾನು ಭಾಗಿಯ ಕೊರಳು ನೋಡುತ್ತಿದ್ದೆ. ಅವ್ವ ಹಳೆ ರೂಢಿಯಂತೆ ಒಲೆಯ ಮುಂದೆಯೇ ನಿಂತಿದ್ದಳು. ಹಾಲು ಅಂಚಿಗೆ ಏರಿತು. ಅವಳ ಕೈ ತಟ್ಟನೆ ಗ್ಯಾಸಿನ ಗುಂಡಿಯ ಕಡೆ ಹೋಯಿತು. ಹೋದ ಕೈ ಅಲ್ಲೇ ತಡೆಯಿತು, ಆಮೇಲೆ ಹಿಂದೆ ಬಂದು ಸೆರಗು ಹಿಡಿಯಿತು. ಹಾಲು ಉಕ್ಕಿ ಪಾತ್ರೆಯ ಮೈಯಿಂದ ಇಳಿದು ಬೆಂಕಿಗೆ ಬಿತ್ತು. ಚುರ್ ಎಂದು ಸುಟ್ಟ ವಾಸನೆ ಮನೆ ತುಂಬಿತು. ನಾನು ಓಡಿಬಂದೆ.

"ಉಕ್ಕಲಿ ಬಿಡು," ಅಂದಳು ಅವ್ವ. "ಪೂರಾ ಉಕ್ಕಲಿ."

ಉಳಿದ ಹಾಲನ್ನು ಅವಳೇ ಆರಿಸಿ, ಲೋಟಕ್ಕೆ ಹಾಕಿ ಭಾಗಿಯ ಮುಂದೆ ಹಿಡಿದಳು. ಭಾಗಿ ನನ್ನನ್ನು ನೋಡಿದಳು. ನಾನು ಎರಡೂ ಕೈಗಳನ್ನು ಅವಳಿಗೆ ಕಾಣುವ ಹಾಗೆ ಮಡಿಲಲ್ಲಿ ಇಟ್ಟುಕೊಂಡೆ. "ಕುಡಿ," ಅಂದೆ. ಅವಳು ಒಂದು ಗುಟುಕು ಕುಡಿದಳು, ನಿಂತಳು, ಇನ್ನೊಂದು ಕುಡಿದಳು. ಅವಳ ಕಣ್ಣು ನನ್ನ ಕೈಗಳ ಮೇಲೇ ಇದ್ದವು. ಲೋಟ ಖಾಲಿಯಾಗುವವರೆಗೂ ನಾನು ಕೈ ಅಲುಗಿಸಲಿಲ್ಲ.